ಸುಂಕದ ಕಟ್ಟೆಗಳ ನಡುವೆ ರೈನ್ ನದಿಯಲ್ಲಿ

ಕೇಳುಗರಿಗೆ ನಮಸ್ಕಾರ.

ಜರ್ಮನಿಯ ಬಿಂಗೆನ್ ಊರಿನಿಂದ ಸಾಂಕ್ಟ್ ಗೋರ್‌ಗೆ ಸುಮಾರು 28 ಕಿಲೋಮೀಟರ್. ರೈಲಿನಲ್ಲಿ ಹೋದರೆ ಅರ್ಧ ಗಂಟೆ ಸಾಕು. ರೈನ್ ನದಿಯ ಎರಡೂ ದಡದಲ್ಲಿ ಹಳಿ ಇದೆ. ನಾನು ಮಾತ್ರ ಹಡಗು ಹತ್ತಿದೆ. ಇಲ್ಲಿನ ಕೋಟೆಗಳನ್ನು ನೀರಿನ ಮೇಲಿನಿಂದಲೇ ನೋಡಬೇಕು ಅನ್ನೋ ಆಸೆ ಬಹಳ ದಿನದಿಂದ ಇತ್ತು.

ಹೊರಟ ಸ್ವಲ್ಪ ಹೊತ್ತಿಗೇ ನಡುಗಡ್ಡೆಯ ಮೇಲೆ ಒಂದು ಸಣ್ಣ ಗೋಪುರ ಕಾಣುತ್ತದೆ. ಇಲಿ ಗೋಪುರ ಅಂತ ಅದರ ಹೆಸರು, ಜರ್ಮನ್ನಿನಲ್ಲಿ 'ಮೊಯ್ಸೆಟುರ್ಮ್'. ಕ್ರೂರಿಯಾದ ಧರ್ಮಗುರುವೊಬ್ಬನನ್ನು ಇಲ್ಲಿ ಇಲಿಗಳು ತಿಂದು ಹಾಕಿದವು ಅಂತ ಕಥೆ. ಆದರೆ ಆ ಹೆಸರು ಇಲಿಯಿಂದ ಬಂದದ್ದಲ್ಲ, ಸುಂಕಕ್ಕೆ ಜರ್ಮನ್ನರು ಹೇಳುವ 'ಮೌಟ್' ಅನ್ನೋ ಮಾತಿನಿಂದ ಬಂದದ್ದು ಅನ್ನುವವರೂ ಇದ್ದಾರೆ. ನನಗೂ ಅದೇ ಸರಿ ಅನಿಸುತ್ತದೆ. ಯಾಕೆಂದರೆ ಮುಂದೆ ಪೂರ್ತಿ ಸುಂಕದ್ದೇ ಕಥೆ.

ತಿರುವು ತಿರುವಿಗೂ ಗುಡ್ಡದ ಮೇಲೊಂದು ಕೋಟೆ. ಕೆಳಗೆ ಕಡಿದಾದ ಕಪ್ಪು ಕಲ್ಲಿನ ಇಳಿಜಾರು, ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ. ಚಿತ್ರದಲ್ಲಿ ನೋಡಿದಾಗ ಇವು ರಾಜಕುಮಾರಿಯರ ಮನೆಗಳ ಹಾಗೆ ಕಾಣುತ್ತವೆ, ಅಲ್ವಾ? ಹಡಗಿನಲ್ಲಿ ಕೂತು ತಲೆ ಎತ್ತಿ ನೋಡಿದಾಗಲೇ ನಿಜ ತಿಳಿಯುವುದು. ಹಿಂದಿನ ಕಾಲದಲ್ಲಿ ಸರಕು ತುಂಬಿಕೊಂಡು ಬಂದ ಅಂಬಿಗನಿಗೂ ಅವು ಹೀಗೇ ಕಂಡಿರಬೇಕು. ಕಣ್ಣು ತಪ್ಪಿಸಿ ದಾಟುವ ಜಾಗವೇ ಇಲ್ಲ.

ಕಾವ್ಬ್ ಊರಿನ ಹತ್ತಿರ ಬಂದಾಗ ನಾನು ಎದ್ದು ನಿಂತೆ. ಅಲ್ಲಿ ಕೋಟೆ ಗುಡ್ಡದ ಮೇಲಲ್ಲ, ನದಿಯ ನಡುವೆಯೇ ಇದೆ. ಬಿಳಿ ಗೋಡೆ, ನಡುವೆ ಎತ್ತರದ ಗೋಪುರ. ನೀರು ಬರುವ ದಿಕ್ಕಿಗೆ ಗೋಡೆ ಹಡಗಿನ ಮೂತಿಯ ಹಾಗೆ ಚೂಪಾಗಿದೆ. ತೇಲಿ ಬರುವ ಮಂಜುಗಡ್ಡೆ ಅಲ್ಲಿ ಒಡೆದು ಎರಡೂ ಕಡೆ ಸರಿದು ಹೋಗಲಿ ಅಂತ. ಬವೇರಿಯಾದ ಲೂಯಿ ದೊರೆ 1326–27ರ ಸುಮಾರಿಗೆ ಸುಂಕ ವಸೂಲಿಗೆಂದೇ ಇದರ ಗೋಪುರ ಕಟ್ಟಿಸಿದ. ನದಿಗೆ ಅಡ್ಡ ಸರಪಳಿ ಎಳೆಯುತ್ತಿದ್ದರು. ದುಡ್ಡು ಕೊಟ್ಟರೆ ದಾರಿ. ರೈನ್‌ನಲ್ಲಿ ಸುಂಕವಿಲ್ಲದೆ ಓಡಾಡುವ ಹಕ್ಕು ಗಟ್ಟಿಯಾದದ್ದು 1868ರ ಮಾನ್‌ಹೈಮ್ ಒಪ್ಪಂದದಿಂದ. ಐನೂರು ವರ್ಷಕ್ಕಿಂತ ಜಾಸ್ತಿ ಕಾಲ ಅಂಬಿಗರು ಇಲ್ಲಿ ದೋಣಿ ನಿಲ್ಲಿಸಿ ಕಾದಿದ್ದಾರೆ. ನಮ್ಮ ಹಡಗು ಎರಡೇ ನಿಮಿಷದಲ್ಲಿ ಸುಮ್ನೆ ದಾಟಿ ಹೋಯಿತು.

ಕಾವ್ಬ್ ಇವತ್ತಿಗೂ ಹಡಗುಗಳನ್ನು ತಡೆಯುತ್ತದೆ. ಈಗ ತಡೆಯುವುದು ನೀರಿನ ಮಟ್ಟ. ಈ ಭಾಗದಲ್ಲಿ ನದಿ ಆಳವಿಲ್ಲ. ಇಲ್ಲಿನ ಅಳತೆಗೋಲು ನೋಡಿಕೊಂಡೇ ಮೇಲಕ್ಕೆ ಹೋಗುವ ಹಡಗಿನವರು ಎಷ್ಟು ಸರಕು ತುಂಬಬೇಕು ಅಂತ ಲೆಕ್ಕ ಹಾಕುತ್ತಾರೆ. 2018ರ ಅಕ್ಟೋಬರ್‌ನಲ್ಲಿ ಅದು 25 ಸೆಂಟಿಮೀಟರ್‌ಗೆ ಇಳಿದಿತ್ತು. ನದಿಯ ಪೂರ್ತಿ ಆಳ ಅಷ್ಟೇ ಅಂತಲ್ಲ, ಹಡಗು ಸಾಗುವ ಹಾದಿಯಲ್ಲಿ ನೀರು ಇನ್ನೂ ಒಂದು ಮೀಟರಿನಷ್ಟು ಹೆಚ್ಚಿರುತ್ತದೆ. ಆದರೂ ಆಗ ಎಷ್ಟೋ ಹಡಗುಗಳು ಅರ್ಧವೂ ತುಂಬಿಸದೆ ಸಾಗಬೇಕಾಯಿತು.

ಎದುರಿಗೆ ಒಂದು ಸರಕು ಹಡಗು ಏದುಸಿರು ಬಿಡುತ್ತಾ ಏರಿ ಬರುತ್ತಿತ್ತು. ಅಂಚಿಗೆ ನೀರು ಒಂದು ಗೇಣಷ್ಟೇ ಕೆಳಗೆ. ಹಿಂಭಾಗದಲ್ಲಿ ಒಂದು ಸಣ್ಣ ಕಾರು, ಪಕ್ಕದಲ್ಲಿ ಹಗ್ಗಕ್ಕೆ ಹಾಕಿದ ಮಕ್ಕಳ ಬಟ್ಟೆ. ಅವರ ಮನೆಯೇ ಅದು. ಕಿಟಕಿಯಲ್ಲಿದ್ದ ಹೆಂಗಸು ಕೈ ಬೀಸಿದರು. ನಾನೂ ಬೀಸಿದೆ.

ಆಮೇಲೆ ಲೋರೆಲೈ ಬಂಡೆ. ನೀರಿನಿಂದ 132 ಮೀಟರ್ ಎತ್ತರ. ಅದರ ಮೇಲೆ ಕೂತು ಹಾಡಿ ಅಂಬಿಗರನ್ನು ಸಾವಿಗೆ ಸೆಳೆದ ಸುಂದರಿಯ ಕಥೆ ಎಲ್ಲರಿಗೂ ಗೊತ್ತು. ಅದು ಅಷ್ಟೇನೂ ಹಳೆಯದಲ್ಲ, 1801ರಲ್ಲಿ ಒಬ್ಬ ಕವಿ ಕಟ್ಟಿದ ಕಥೆಯಿಂದ ಬೆಳೆದದ್ದು. ಆದರೆ ಅಪಾಯ ನಿಜವಾದದ್ದು. ನದಿ ಇಲ್ಲಿ ಇಕ್ಕಟ್ಟಾಗಿ ತಟ್ಟನೆ ತಿರುಗುತ್ತದೆ. ಆ ಕಡೆಯಿಂದ ಏನು ಬರುತ್ತಿದೆ ಅಂತ ಕಾಣುವುದೇ ಇಲ್ಲ. ಅದಕ್ಕೇ ದಡದಲ್ಲಿ ದೀಪಗಳಿವೆ. ಮೇಲಿನಿಂದ ಎಂಥ ಹಡಗು ಇಳಿದು ಬರುತ್ತಿದೆ ಅಂತ ಏರಿ ಬರುವವರಿಗೆ ಅವು ತಿಳಿಸುತ್ತವೆ.

ಸಾಂಕ್ಟ್ ಗೋರ್‌ನಲ್ಲಿ ಇಳಿದೆ. ಹೋಗಲು ಮನಸ್ಸಾಗದೆ ದಡದ ಬೆಂಚಿನ ಮೇಲೆ ಕೂತೆ. ಮೇಲಕ್ಕೆ ಹೋಗುವ ಹಡಗೊಂದು ನೀರಿನಲ್ಲಿ ಹೆಚ್ಚುಕಡಿಮೆ ನಿಂತೇ ಇತ್ತು. ತಿರುವಿನಿಂದ ಉದ್ದನೆಯದೊಂದು ಹಡಗು ಇಳಿದು ಬಂತು, ಪಕ್ಕದಲ್ಲೇ ದಾಟಿ ಹೋಯಿತು. ಆಮೇಲೆ ಕಾಯುತ್ತಿದ್ದ ಹಡಗಿನ ಇಂಜಿನ್ ಸದ್ದು ಏರಿತು. ಅದು ಮೆಲ್ಲಗೆ ಬಂಡೆಯ ನೆರಳೊಳಗೆ ಹೋಯಿತು.

ನಮಸ್ಕಾರ.