ಹಿಂದೆ ಬರುವ ಕಾರು ಕೂಗುವುದಿಲ್ಲ

ಕೇಳುಗರಿಗೆ ನಮಸ್ಕಾರ.

ಮೋಟರ್‌ಹೋಮ್ ಅಂದರೆ ಚಕ್ರದ ಮೇಲಿನ ಮನೆ. ಮಲಗಲು ಮಂಚ, ಅಡುಗೆಗೆ ಒಲೆ, ಎಲ್ಲವೂ ಬಸ್ಸಿನಂಥ ಗಾಡಿಯೊಳಗೇ ಇರುತ್ತದೆ. ದೂರದ ಜಾಗಕ್ಕೆ ಹೋಗಿ ಬೀಡುಬಿಟ್ಟಿರಿ, ಹಾಲು ಮುಗಿಯಿತು ಅನ್ನಿ. ಅರ್ಧ ಲೀಟರ್ ಹಾಲಿಗೆ ಇಡೀ ಮನೆಯನ್ನೇ ಎಬ್ಬಿಸಿಕೊಂಡು ಹೋಗಬೇಕು! ಅದಕ್ಕೇ ಅನೇಕರು ಹಿಂದೆ ಒಂದು ಸಣ್ಣ ಕಾರನ್ನು ಎಳೆದುಕೊಂಡು ಹೋಗುತ್ತಾರೆ. ಆ ಕಾರನ್ನು ಭದ್ರವಾಗಿ ಕಟ್ಟುವುದು ಹೇಗೆ ಅನ್ನುವುದೇ ಇವತ್ತಿನ ಮಾತು.

ಗಾಡಿ ಹಿಂದೆ ಕರು ಕಟ್ಟಿದ ಹಾಗೆ, ಅದರಲ್ಲೇನಿದೆ ಅಂತ ಅನ್ನಿಸಬಹುದು. ಆದರೆ ಕರು ಎಡವಿದರೆ ಕೂಗುತ್ತದೆ. ಕಾರು ಕೂಗುವುದಿಲ್ಲ. ಮುಂದಿನ ಗಾಡಿ ಹತ್ತು ಟನ್, ಹಿಂದಿನ ಕಾರು ಒಂದೂಕಾಲು ಟನ್ ಇದ್ದರೆ ಸ್ಟೇರಿಂಗ್ ಹಿಡಿದವನಿಗೆ ಹಿಂದೆ ಏನಾಗುತ್ತಿದೆ ಅನ್ನುವುದೇ ತಿಳಿಯುವುದಿಲ್ಲ. ಕಾರಿನ ಟೈರು ಪಂಚರ್ ಆಗಿ ಚಿಂದಿಯಾಗುತ್ತಿದ್ದರೂ ಗೊತ್ತಾಗದು. ಹ್ಯಾಂಡ್‌ಬ್ರೇಕ್ ಬಿಡಲು ಮರೆತು ಹಿಂದಿನ ಚಕ್ರ ಹೊಗೆಯಾಡುತ್ತಿದ್ದರೂ ಗೊತ್ತಾಗದು. ಹಾಗಾಗಿ ನೋಡುವುದು, ಮುಟ್ಟುವುದು, ಎಳೆದು ನೋಡುವುದು ಎಲ್ಲ ಹೊರಡುವ ಮುಂಚೆಯೇ ಆಗಬೇಕು.

ಎಲ್ಲಕ್ಕಿಂತ ಮೊದಲ ಪ್ರಶ್ನೆ: ನಿಮ್ಮ ಕಾರನ್ನು ನಾಲ್ಕು ಚಕ್ರದ ಮೇಲೆ ಎಳೆಯಬಹುದಾ? ನ್ಯೂಟ್ರಲ್‌ಗೆ ಹಾಕಿದರೆ ಆಯಿತು ಅಂದುಕೊಂಡವರು ಬಹಳ ಜನ. ಅನೇಕ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗಳಲ್ಲಿ ಒಳಗೆ ಎಣ್ಣೆ ಸುತ್ತಿಸುವ ಪಂಪು ಇಂಜಿನ್ನಿನಿಂದಲೇ ಓಡುತ್ತದೆ. ಇಂಜಿನ್ ನಿಂತಿದ್ದರೆ ಪಂಪೂ ನಿಂತಿತು. ಆದರೆ ಚಕ್ರ ಉರುಳುತ್ತಿದೆಯಲ್ಲ, ಅದರ ಜೊತೆ ಒಳಗಿನ ಗೇರುಗಳೂ ತಿರುಗುತ್ತಲೇ ಇರುತ್ತವೆ, ಎಣ್ಣೆ ಇಲ್ಲದೆ. ಇನ್ನೂರು ಮುನ್ನೂರು ಕಿಲೋಮೀಟರ್ ಹೀಗೇ ಹೋದರೆ ಗೇರ್‌ಬಾಕ್ಸ್ ಸುಟ್ಟು ಕೂತಿರುತ್ತದೆ. ಮ್ಯಾನುಯಲ್ ಗೇರಿನ ಕಾರುಗಳಲ್ಲಿ ಈ ತೊಂದರೆ ಕಡಿಮೆ. ಎಲೆಕ್ಟ್ರಿಕ್ ಕಾರುಗಳಲ್ಲಿ ಚಕ್ರದ ಜೊತೆ ಮೋಟರೂ ತಿರುಗುತ್ತದೆ, ಹಾಗಾಗಿ ಹೆಚ್ಚಿನವನ್ನು ಹೀಗೆ ಎಳೆಯಬಾರದು ಅಂತ ತಯಾರಕರೇ ಹೇಳುತ್ತಾರೆ. ಯಾರೋ ಎಳೆದಿದ್ದರು, ಏನೂ ಆಗಲಿಲ್ಲ ಅನ್ನುವ ಮಾತನ್ನು ನಂಬಬೇಡಿ. ಒಂದೇ ಹೆಸರಿನ ಕಾರಿನಲ್ಲೂ ಗೇರ್‌ಬಾಕ್ಸ್ ಬೇರೆಯಾದರೆ ಉತ್ತರ ಬೇರೆ. ಕಾರಿನ ಜೊತೆ ಕೊಟ್ಟ ಪುಸ್ತಕ ತೆಗೆದು ಓದಿ.

ಎಳೆಯಬಾರದು ಅಂತಿದ್ದರೆ ಟ್ರೇಲರ್ ಮೇಲೆ ಇಡೀ ಕಾರನ್ನು ಹತ್ತಿಸಬೇಕು. ಮುಂದಿನ ಚಕ್ರದಿಂದ ಓಡುವ ಕಾರಾದರೆ ಆ ಎರಡು ಚಕ್ರಗಳನ್ನು ಮಾತ್ರ ಡಾಲಿ, ಅಂದರೆ ಎರಡು ಚಕ್ರದ ಸಣ್ಣ ಟ್ರೇಲರ್, ಅದರ ಮೇಲೆ ಕೂರಿಸಬಹುದು. ಡಾಲಿಯಲ್ಲಿ ಟೈರಿಗೆ ಪಟ್ಟಿ ಬಿಗಿಯುತ್ತಾರಲ್ಲ, ನಾಲ್ಕೈದು ಕಿಲೋಮೀಟರ್ ಹೋಗುವಷ್ಟರಲ್ಲಿ ಟೈರು ಅದುಮಿಕೊಂಡು ಪಟ್ಟಿ ಸಡಿಲವಾಗಿರುತ್ತದೆ. ನಿಲ್ಲಿಸಿ ಇನ್ನೊಮ್ಮೆ ಬಿಗಿಯಲೇಬೇಕು.

ನಾಲ್ಕು ಚಕ್ರದ ಮೇಲೆ ಎಳೆಯುವುದಾದರೆ ನಡುವೆ ಬರುವುದು ಟೋ ಬಾರ್. ಎರಡು ಉಕ್ಕಿನ ತೋಳು, ನೋಡಲು ಇಂಗ್ಲಿಷಿನ ಎ ಅಕ್ಷರದ ಹಾಗೆ. ಚೂಪು ತುದಿ ಮೋಟರ್‌ಹೋಮಿನ ಹಿಚ್‌ಗೆ, ಅಂದರೆ ಎಳೆಯಲೆಂದೇ ಗಾಡಿಯ ಹಿಂಭಾಗಕ್ಕೆ ಕೂರಿಸಿದ ಕೊಂಡಿಗೆ, ಅಗಲದ ಕಡೆ ಕಾರಿನ ಬೇಸ್‌ಪ್ಲೇಟ್‌ಗೆ. ಬೇಸ್‌ಪ್ಲೇಟ್ ಅನ್ನುವುದು ಕಾರಿನ ಚೌಕಟ್ಟಿಗೇ ಬೋಲ್ಟ್ ಹಾಕಿ ಕೂರಿಸಿದ ಉಕ್ಕಿನ ತುಂಡು. ಹೊರಗೆ ಕಾಣುವ ಬಂಪರ್ ಬರೀ ಪ್ಲಾಸ್ಟಿಕ್, ಅದಕ್ಕೆ ಏನನ್ನೂ ಕಟ್ಟುವಂತಿಲ್ಲ. ಹಿಚ್ 2,200 ಕೆ.ಜಿ. ತಾಳಿ, ಟೋ ಬಾರ್ 1,500 ಮಾತ್ರ ತಾಳುವುದಾದರೆ ನಿಮ್ಮ ಲೆಕ್ಕ 1,500ಕ್ಕೇ ನಿಂತಿತು. ಕಾರಿನೊಳಗೆ ತುಂಬಿದ ಸಾಮಾನೂ ಈ ತೂಕದಲ್ಲಿ ಸೇರಿದ್ದೇ. ಇನ್ನು ಬಾರ್ ನೆಲಕ್ಕೆ ಸಮನಾಗಿರಬೇಕು. ಒಂದು ತುದಿ ಏಳೆಂಟು ಸೆಂಟಿಮೀಟರಿಗಿಂತ ಜಾಸ್ತಿ ಎತ್ತರವಾದರೆ ಬ್ರೇಕ್ ಹಾಕಿದಾಗ ಕಾರಿನ ನೂಕು ನೇರ ಹೋಗದೆ ಮೇಲೋ ಕೆಳಗೋ ಹೊರಳುತ್ತದೆ.

ಈಗ ಪಿನ್ನಿನ ವಿಷಯ. ಎತ್ತಿನ ಗಾಡಿಯ ಚಕ್ರ ಕಳಚದಂತೆ ಅಚ್ಚಿನ ತುದಿಗೆ ಹೊಡೆಯುವ ಕಡಾಣಿ ನೆನಪಿದೆಯಾ? ಇಲ್ಲೂ ಅದೇ. ಬಾರ್ ಕೂತ ಕಡೆಯೆಲ್ಲ ಒಂದೊಂದು ಪಿನ್, ಪಿನ್ ಆಚೆ ಜಾರದಂತೆ ಬೆರಳುದ್ದದ ತಂತಿಯ ಕ್ಲಿಪ್. ಇಡೀ ಕಾರು ನಿಂತಿರುವುದು ಆ ಕ್ಲಿಪ್ಪುಗಳ ಮೇಲೆ. ನನ್ನದೇ ಪೆದ್ದುತನ ಹೇಳುತ್ತೇನೆ. ಒಮ್ಮೆ ಎಡಗಡೆಯ ಪಿನ್ ತೂರಿಸಿದ್ದೆ, ಕ್ಲಿಪ್ ಕೈಯಲ್ಲಿತ್ತು. ಪಕ್ಕದ ಗಾಡಿಯವರು ಬಂದು ದಾರಿ ಕೇಳಿದರು. ಹೇಳಿದೆ, ನಕ್ಕೆ, ಕ್ಲಿಪ್ಪನ್ನು ಜೇಬಿಗೆ ಹಾಕಿಕೊಂಡು ಹೋಗಿ ಸೀಟಿನಲ್ಲಿ ಕೂತೆ. ಮೊದಲ ನಿಲುಗಡೆಯಲ್ಲಿ ಇಳಿದು ನೋಡಿದರೆ ಪಿನ್ ಅರ್ಧ ಹೊರಗೆ ಬಂದಿತ್ತು. ಅದರ ಹೊಳಪು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಷ್ಟೋ ಹೊತ್ತು ಜೇಬಿನೊಳಗಿನ ಕ್ಲಿಪ್ಪನ್ನು ಬೆರಳಲ್ಲಿ ಉಜ್ಜುತ್ತಾ ನಿಂತಿದ್ದೆ. ಅವತ್ತಿನಿಂದ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇನೆ. ನಡುವೆ ಯಾರು ಮಾತಾಡಿಸಿದರೂ ಸರಿ, ಮತ್ತೆ ಮೊದಲಿನಿಂದಲೇ ಶುರು. ಮನೆಯವರಿಗೆ ಇದು ತಮಾಷೆ, ಇರಲಿ.

ಪಿನ್ ಹೋದರೂ ಕಾರು ಹೋಗಬಾರದು ಅಂತಲೇ ಸೇಫ್ಟಿ ಚೈನ್ ಇರುವುದು. ಎರಡು ಚೈನನ್ನು ಬಾರ್‌ನ ಕೆಳಗೆ ಅಡ್ಡಡ್ಡ, ಒಂದರ ಮೇಲೊಂದು ಬರುವಂತೆ ಹಾಕಬೇಕು. ಬಲಗಡೆಯದು ಎಡಕ್ಕೆ, ಎಡಗಡೆಯದು ಬಲಕ್ಕೆ. ಬಾರ್ ಕಳಚಿದರೆ ಆ ಚೈನುಗಳ ಮೇಲೆ ತೊಟ್ಟಿಲಲ್ಲಿ ಬಿದ್ದ ಹಾಗೆ ಬೀಳುತ್ತದೆ, ರಸ್ತೆಗೆ ನಾಟುವುದಿಲ್ಲ. ತಿರುವಿನಲ್ಲಿ ಬಿಗಿಯದಷ್ಟು ಸಡಿಲ ಬೇಕು, ನೆಲಕ್ಕೆ ಉಜ್ಜುವಷ್ಟು ಬೇಡ.

ಬ್ರೇಕ್ ಇನ್ನೊಂದು ದೊಡ್ಡ ವಿಷಯ. ಮುಂದಿನ ಗಾಡಿಯ ಬ್ರೇಕೇ ಎರಡನ್ನೂ ನಿಲ್ಲಿಸಲಿ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ವೇಗ ಎರಡು ಪಟ್ಟಾದರೆ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟು. ಇಳಿಜಾರಿನಲ್ಲಿ ಒಂದೂಕಾಲು ಟನ್ ಬೆನ್ನ ಹಿಂದಿನಿಂದ ನೂಕುತ್ತಿರುತ್ತದೆ. ಅದಕ್ಕೆ ಕಾರಿನ ಪೆಡಲನ್ನೇ ಒತ್ತುವ ಒಂದು ಸಾಧನ ಇಡುತ್ತಾರೆ. ನೀವು ಮುಂದೆ ಒತ್ತಿದಷ್ಟಕ್ಕೆ ತಕ್ಕ ಹಾಗೆ ಅದು ಹಿಂದೆ ಒತ್ತುತ್ತದೆ. ಜಾಸ್ತಿ ಸೂಕ್ಷ್ಮವಾಗಿ ಹೊಂದಿಸಿದರೆ ಪ್ರತಿ ಗುಂಡಿಗೂ ಬ್ರೇಕ್ ಹಿಡಿದು ಚಕ್ರ ಕಾಯುತ್ತದೆ, ಅದನ್ನು ನೋಡಿಕೊಳ್ಳಿ. ಇದರ ಜೊತೆಗೆ ಬ್ರೇಕ್‌ಅವೇ ಸ್ವಿಚ್ ಅಂತ ಒಂದಿದೆ. ಕಾರು ಪೂರ್ತಿ ಕಳಚಿಕೊಂಡರೆ ತೆಳುವಾದ ಕೇಬಲ್ ಸ್ವಿಚ್ಚಿನ ಪಿನ್ ಕಿತ್ತು, ಕಾರು ತಾನೇ ಬ್ರೇಕ್ ಹಾಕಿಕೊಂಡು ನಿಲ್ಲುತ್ತದೆ. ಆ ಕೇಬಲನ್ನು ಮೋಟರ್‌ಹೋಮಿನ ಮೈಗೇ ಸಿಕ್ಕಿಸಿ. ಟೋ ಬಾರ್‌ಗೆ ಸಿಕ್ಕಿಸಿದರೆ ಬಾರ್ ಸಮೇತ ಹೊರಟುಹೋಗುತ್ತದೆ, ಸ್ವಿಚ್ ಸುಮ್ನೆ ಇರುತ್ತದೆ.

ಲೈಟಿನ ವೈರು ಸಿಕ್ಕಿಸಿ ಇಂಡಿಕೇಟರ್, ಬ್ರೇಕ್ ಲೈಟ್ ಎರಡನ್ನೂ ಒಬ್ಬರು ಹಿಂದೆ ನಿಂತು ನೋಡಲಿ. ಸ್ಟೇರಿಂಗ್ ಲಾಕ್ ಆಗಬಾರದು, ಆದ್ದರಿಂದ ಎಷ್ಟೋ ಕಾರುಗಳಲ್ಲಿ ಕೀಲಿ ಒಂದು ಹಂತ ತಿರುಗಿಸಿಯೇ ಇಡಬೇಕಾಗುತ್ತದೆ. ಹಾಗಿಟ್ಟರೆ ಬ್ಯಾಟರಿ ಇಳಿಯುತ್ತದೆ. ಅದು ಇಳಿಯದಂತೆ ಯಾವ ಫ್ಯೂಸ್ ತೆಗೆಯಬೇಕು ಅನ್ನುವುದೂ ಅದೇ ಪುಸ್ತಕದಲ್ಲಿರುತ್ತದೆ.

ಹೊರಟ ಮೇಲೆ ಮೊದಲು ನಿಧಾನಕ್ಕೆ ಸ್ವಲ್ಪ ಮುಂದೆ ಹೋಗಿ. ಉದ್ದ ಹೊಂದಿಸಿಕೊಳ್ಳುವ ಬಗೆಯ ಟೋ ಬಾರ್ ಆದರೆ ಅದರ ಎರಡೂ ತೋಳು ಟಕ್ ಅಂತ ಲಾಕ್ ಆಗಬೇಕು. ಇಳಿದು ಕಣ್ಣಾರೆ ನೋಡಿ. ಮುಂದಿನ ಪ್ರತಿ ನಿಲುಗಡೆಯಲ್ಲೂ ಕಾರಿನ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ. ಮೂರು ಬೆಚ್ಚಗಿದ್ದು ಒಂದು ಸುಡುತ್ತಿದ್ದರೆ ಅಲ್ಲಿ ಬ್ರೇಕೋ ಬೇರಿಂಗೋ ಹಿಡಿದಿದೆ ಅಂತ ಅರ್ಥ. ಮುಟ್ಟುವ ಮುಂಚೆ ಶಾಖ ನೋಡಿಕೊಳ್ಳಿ, ಕೈ ಸುಟ್ಟೀತು.

ರಿವರ್ಸ್ ಮಾತ್ರ ಬೇಡ. ಹಿಂದಕ್ಕೆ ನೂಕಿದ ಕೂಡಲೇ ಕಾರಿನ ಮುಂದಿನ ಚಕ್ರ ಒಂದು ಕಡೆಗೆ ಪೂರ್ತಿ ಹೊರಳಿ ಬಾರ್ ಬಾಗುತ್ತದೆ. ಇಕ್ಕಟ್ಟಿನ ಜಾಗಕ್ಕೆ ನುಗ್ಗಿದ್ದರೆ ಕಾರು ಬಿಚ್ಚದೆ ಬೇರೆ ದಾರಿಯಿಲ್ಲ. ಹಿಂದೆ ಹತ್ತು ಗಾಡಿ ಹಾರ್ನ್ ಹೊಡೆಯುತ್ತಿದ್ದರೂ ಬಿಚ್ಚಿಯೇ ಬಿಚ್ಚಬೇಕು.

ಬಿಚ್ಚುವಾಗ ಮೊದಲು ಕಾರಿನ ಹ್ಯಾಂಡ್‌ಬ್ರೇಕ್ ಎಳೆಯಿರಿ, ಆಮೇಲೆ ಪಿನ್ನಿಗೆ ಕೈ ಹಾಕಿ. ಸಮತಟ್ಟು ನೆಲ ನೋಡಿ ನಿಲ್ಲಿಸಿ, ಓರೆಯಲ್ಲಿ ಪಿನ್ ಬಿಗಿದುಕೊಂಡು ಬರುವುದೇ ಇಲ್ಲ. ಪೆಡಲ್ ಮೇಲಿನ ಸಾಧನ ತೆಗೆದು, ಫ್ಯೂಸ್ ವಾಪಸ್ ಹಾಕಿ, ಕ್ಲಿಪ್ಪುಗಳನ್ನು ಎಣಿಸಿ ಡಬ್ಬಿಗೆ ಹಾಕಿ. ಇನ್ನು ಹಾಲು ತರಲು ಹೊರಡಬಹುದು. ನಮಸ್ಕಾರ.