ಮೊದಲು ಯಾವ ಊರಿಗೆ?

ನಮಸ್ಕಾರ. ಭೂಕಂಪವಾದಾಗ ನೆರವು ಮೊದಲು ಯಾವ ಊರಿಗೆ ಹೋಗಬೇಕು, ಅದನ್ನು ಯಾರನ್ನು ಕೇಳಿ ತೀರ್ಮಾನಿಸಬೇಕು ಎಂಬುದು ನನ್ನ ವಿಷಯ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪವಾಯಿತು. ಕೇಂದ್ರಬಿಂದು ಗೋರ್ಖಾ ಜಿಲ್ಲೆಯ ಬಾರ್ಪಾಕ್ ಬಳಿ. ಎಲ್ಲರ ಬಾಯಲ್ಲೂ ಗೋರ್ಖಾ. ಆದರೆ ನೆಲದೊಳಗಿನ ಬಿರುಕು ಅಲ್ಲಿಂದ ಪೂರ್ವಕ್ಕೆ ಸೀಳುತ್ತಾ ಹೋಗಿತ್ತು. ಅತಿ ಹೆಚ್ಚು ಜನ ಸತ್ತದ್ದು ಕಠ್ಮಂಡುವಿನಿಂದಾಚೆ, ಸಿಂಧುಪಾಲ್ಚೋಕ್‌ನಲ್ಲಿ: ಮೂರು ಸಾವಿರಕ್ಕೂ ಹೆಚ್ಚು.

ಕೇಂದ್ರಬಿಂದು ತೋರಿಸುವ ನಕ್ಷೆಯ ಮೇಲಿನ ಕೆಂಪು ಚುಕ್ಕೆಯನ್ನು ನೋಡಿ ನೆರವಿನ ಹೆಲಿಕಾಪ್ಟರ್ ಹಾರಿಸುವವರ ಬಗ್ಗೆ ನನ್ನ ತಕರಾರು ಇಲ್ಲಿಂದಲೇ ಶುರು. ಉಪಗ್ರಹ ಚಿತ್ರ ಬೇಡವೆನ್ನುತ್ತಿಲ್ಲ. ಆದರೆ ಅದು ನೋಡುವುದು ಮೇಲಿನಿಂದ. 2010ರ ಹೈಟಿ ಭೂಕಂಪದಲ್ಲಿ ಎಷ್ಟೋ ಕಟ್ಟಡಗಳ ಮಹಡಿಗಳು ಒಂದರ ಮೇಲೊಂದು ಕುಸಿದು, ತಾರಸಿ ಮಾತ್ರ ಹಾಗೇ ಉಳಿದಿತ್ತು. ಚಿತ್ರದಲ್ಲಿ ಅವು ಗಟ್ಟಿಯಾಗಿ ನಿಂತಂತೆಯೇ ಕಾಣುತ್ತಿದ್ದವು. ಪಕ್ಕದ ಬೀದಿಯವರಿಗೆ ಒಳಗಿದ್ದವರ ಹೆಸರೂ ಗೊತ್ತಿತ್ತು. ಅಂಥವರನ್ನು ಕೇಳಬೇಕಾದ, ನೆರವು ಸಂಸ್ಥೆಗಳ ಸಮನ್ವಯ ಸಭೆಗಳು ನಡೆದದ್ದು ವಿಶ್ವಸಂಸ್ಥೆಯ ಬೇಲಿಯೊಳಗೆ, ಹೆಚ್ಚಾಗಿ ಇಂಗ್ಲಿಷಿನಲ್ಲಿ. ಊರಿನವರು ಮಾತನಾಡುವುದು ಕ್ರಿಯೋಲ್!

ಹಾಗಾದರೆ ಯಾರನ್ನು ಕೇಳಬೇಕು? ಊರಿನ ದೊಡ್ಡ ಮನುಷ್ಯನ ಜಗಲಿಯಲ್ಲಿ ಕುಳಿತು ಪಟ್ಟಿ ಬರೆದುಕೊಂಡರೆ, ಆ ಪಟ್ಟಿಯಲ್ಲಿ ಅವನ ನೆಂಟರ ಮನೆಗಳೇ ಮೊದಲು ಉರುಳಿರುತ್ತವೆ. ನೇಪಾಳದ ಹಳ್ಳಿಗಳಲ್ಲಂತೂ ಭೂಕಂಪದ ಹೊತ್ತಿಗೆ, 1997ರ ನಂತರ ಸ್ಥಳೀಯ ಚುನಾವಣೆಯೇ ನಡೆದಿರಲಿಲ್ಲ. ಚುನಾಯಿತ ಪ್ರತಿನಿಧಿಯನ್ನು ಹುಡುಕಿದರೂ ಸಿಗುವಂತಿರಲಿಲ್ಲ. ಆದರೆ ಹಳ್ಳಿಗಳಲ್ಲಿ ಆರೋಗ್ಯ ಸ್ವಯಂಸೇವಕಿಯರಿದ್ದರು, ದೇಶದಾದ್ಯಂತ ಸುಮಾರು 50,000 ಮಂದಿ. ಯಾರಿಗೆ ದಿನ ತುಂಬಿದೆ, ಯಾವ ಮನೆಯ ಅಜ್ಜ ಹಾಸಿಗೆ ಹಿಡಿದಿದ್ದಾನೆ, ಮೇಲಿನ ಕೇರಿಗೆ ಇರುವ ಒಂದೇ ಕಾಲುದಾರಿ ಎಲ್ಲಿ ಕುಸಿಯುತ್ತದೆ ಎಂಬುದು ಇಂಥ ಹೆಂಗಸರಿಗೆ ಗೊತ್ತಿರುತ್ತದೆ. ಅವರನ್ನು ಕೇಳಿ. ಶಾಲೆಯ ಮೇಷ್ಟ್ರನ್ನು, ಆ ದಾರಿಯ ಲಾರಿ ಚಾಲಕನನ್ನು ಬೇರೆ ಬೇರೆಯಾಗಿ ಕೇಳಿ. ಮೂವರೂ ಒಂದೇ ಊರಿನ ಹೆಸರು ಹೇಳಿದರೆ ಟಾರ್ಪಾಲು, ಔಷಧ ಅಲ್ಲಿಗೆ ಮೊದಲು ಹೊರಡಲಿ. ಮಾತು ತಾಳೆಯಾಗದಿದ್ದರೆ ಒಬ್ಬರನ್ನು ಕಳಿಸಿ ನೋಡಿಸಿ. ಯಾರೂ ಹೆಸರೆತ್ತದ ಊರಿಗಂತೂ ಖಂಡಿತ ಕಳಿಸಿ; ಅಲ್ಲಿಂದ ಫೋನ್ ಮಾಡಲು ಸಾಧ್ಯವೇ ಆಗದಿರಬಹುದು.

ಈ ಜನರ ಫೋನ್ ನಂಬರುಗಳನ್ನು ನೆಲ ನಡುಗಿದ ಮೇಲೆ ಹುಡುಕುವುದಲ್ಲ. ಅದು ಮಾಮೂಲಿ ದಿನಗಳಲ್ಲೇ ಆಗಬೇಕಾದ ಕೆಲಸ, ಅದಕ್ಕೆ ಹಣ ಬೇಕು. 2016ರಲ್ಲಿ ಇಸ್ತಾಂಬುಲ್‌ನಲ್ಲಿ ದೊಡ್ಡ ದಾನಿಗಳೂ ಸಂಸ್ಥೆಗಳೂ ಸೇರಿ, 2020ರೊಳಗೆ ನೆರವಿನ ಹಣದಲ್ಲಿ ಶೇ. 25ರಷ್ಟನ್ನು ಸಾಧ್ಯವಾದಷ್ಟು ನೇರವಾಗಿ ಸ್ಥಳೀಯ ಮತ್ತು ರಾಷ್ಟ್ರೀಯ ಸಂಸ್ಥೆಗಳಿಗೆ ತಲುಪಿಸುವುದಾಗಿ ಒಪ್ಪಿಕೊಂಡರು. ಗಡುವು ಮುಗಿಯಿತು, ಗುರಿ ಮುಟ್ಟಲಿಲ್ಲ. ಮಾಹಿತಿ ಮಾತ್ರ ಊರಿನವರಿಂದ ಪುಕ್ಕಟೆಯಾಗಿ ಬರಬೇಕೆಂಬ ನಿರೀಕ್ಷೆ ಹಾಗೇ ಇದೆ.