ವೇಪಿಂಗ್ ಪರ ನಿಂತವರು ಯಾರನ್ನು ಒಪ್ಪಿಸಬೇಕು?

ಕೇಳುಗರಿಗೆ ನಮಸ್ಕಾರ.

2013ರ ಅಕ್ಟೋಬರ್ 8ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಯುರೋಪಿನ ಸಂಸತ್ತು ತಂಬಾಕು ಕಾನೂನೊಂದರ ಮೇಲೆ ಮತ ಹಾಕಿತು. ಇ-ಸಿಗರೇಟು ಅಂದರೆ ತಂಬಾಕು ಸುಡದೆ, ದ್ರವವನ್ನು ಬಿಸಿ ಮಾಡಿ ಅದರ ಆವಿ ಎಳೆದುಕೊಳ್ಳುವ ಸಾಧನ. ಹಾಗೆ ಎಳೆಯುವುದಕ್ಕೇ ವೇಪಿಂಗ್ ಅನ್ನುತ್ತಾರೆ. ನಿಕೋಟಿನ್ ಇರುವ ಬಹುತೇಕ ಇ-ಸಿಗರೇಟುಗಳಿಗೆ ಔಷಧಿಯ ಹಾಗೇ ಪರವಾನಗಿ ಬೇಕು ಅನ್ನುವ ಮಾತು ಆ ಕರಡಿನಲ್ಲಿತ್ತು. ಅದಕ್ಕೆ ಬೇಕಾದ ಖರ್ಚು ಸಣ್ಣ ತಯಾರಕರ ಕೈಗೆ ನಿಲುಕುವಂಥದ್ದಲ್ಲ. ಅಂದರೆ ಸಿಗರೇಟು ಎಲ್ಲ ಅಂಗಡಿಯಲ್ಲೂ ಸಲೀಸಾಗಿ ಸಿಗುತ್ತದೆ, ಅದನ್ನು ಬಿಡಲು ಕೆಲವರಿಗೆ ನೆರವಾದ ವಸ್ತು ಮಾತ್ರ ಸಿಗುವುದು ಕಷ್ಟವಾಗುತ್ತದೆ. ಸಂಸದರು ಆ ಭಾಗವನ್ನು ಒಪ್ಪಲಿಲ್ಲ.

ಕಂಪನಿಗಳ ಒತ್ತಡ ಅಲ್ಲಿ ಇರಲಿಲ್ಲ ಅಂತಲ್ಲ. ಇತ್ತು. ಆದರೆ ಅದರ ಜೊತೆಗೆ ಸಾಮಾನ್ಯ ಜನರ ಪತ್ರಗಳೂ ಬಂದಿದ್ದವು. ವರ್ಷಗಟ್ಟಲೆ ಸೇದಿದವರು, ನಿಕೋಟಿನ್ ಇರುವ ಚೂಯಿಂಗ್ ಗಮ್, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಎಲ್ಲ ನೋಡಿ ಸೋತವರು, ಕೊನೆಗೆ ವೇಪಿಂಗ್ ಹಿಡಿದು ಸಿಗರೇಟು ಬಿಟ್ಟವರು ತಮ್ಮ ತಮ್ಮ ಸಂಸದರಿಗೆ ಸ್ವಂತ ಮಾತಿನಲ್ಲಿ ಬರೆದರು. ಯಾರೋ ಬರೆದುಕೊಟ್ಟ ಒಕ್ಕಣೆಗೆ ಸಹಿ ಹಾಕಿ ಕಳಿಸುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. ಮೆಟ್ಟಿಲು ಹತ್ತುವಾಗ ಈಗ ಏದುಸಿರು ಬರುವುದಿಲ್ಲ ಅಂತ ಒಬ್ಬ ಮತದಾರ ಹೇಳಿದರೆ, ಅದನ್ನು ಅಲ್ಲಗಳೆಯುವುದು ಯಾರಿಗೂ ಸುಲಭ ಅಲ್ಲ.

ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ಇನ್ನೊಂದು. ಆ ಜನ ಕಾನೂನೇ ಇಲ್ಲದ ಹಾಗೆ ಮಾಡಲಿಲ್ಲ. 2014ರಲ್ಲಿ ನಿಯಮ ಬಂದೇ ಬಂತು. ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಜಾಸ್ತಿ ನಿಕೋಟಿನ್ ಇರಕೂಡದು, ದ್ರವದ ಬಾಟಲಿ 10 ಮಿಲಿಲೀಟರ್ ಮೀರಕೂಡದು ಅಂತಾಯಿತು. ಸಿಕ್ಕಿದ್ದು ಬದುಕಬಹುದಾದ ನಿಯಮ. ಅಷ್ಟು ಸಿಕ್ಕರೂ ಗೆಲುವೇ. ಯಾವ ಕಟ್ಟುಪಾಡೂ ಬೇಡ ಅನ್ನುವವರ ಮಾತನ್ನು ಜನ ಬೇಗ ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ.

ಯಾಕೆ ಹೀಗೆ ಹೇಳುತ್ತೇನೆ? ವೇಪಿಂಗ್ ಪರ ನಿಂತವರು ಒಪ್ಪಿಸಬೇಕಾದದ್ದು ತಮ್ಮಂಥವರನ್ನಲ್ಲ. ಮತ ಹಾಕುವವರಲ್ಲಿ ಹೆಚ್ಚಿನವರು ಸೇದುವುದೂ ಇಲ್ಲ, ವೇಪ್ ಮಾಡುವುದೂ ಇಲ್ಲ. ಅವರಲ್ಲಿ ಹಲವರ ಮನೆಯಲ್ಲಿ ಹದಿನಾಲ್ಕು, ಹದಿನೈದರ ಮಕ್ಕಳಿದ್ದಾರೆ. ಅವರ ಮೊದಲ ಪ್ರಶ್ನೆಯೇ ಮಕ್ಕಳದ್ದು. ಅದನ್ನು ತಳ್ಳಿಹಾಕಿ ಮಾತು ಶುರು ಮಾಡಿದರೆ ಮುಂದೆ ಏನು ಹೇಳಿದರೂ ಅವರು ಕೇಳುವುದಿಲ್ಲ.

ಆ ಭಯಕ್ಕೆ ಕಾರಣ ಇದೆ. ಅಮೆರಿಕದಲ್ಲಿ 2019ರ ಸರ್ಕಾರಿ ಸಮೀಕ್ಷೆಯಲ್ಲಿ ಹೈಸ್ಕೂಲು ಮಕ್ಕಳಲ್ಲಿ ನೂರಕ್ಕೆ 27ಕ್ಕೂ ಹೆಚ್ಚು ಮಂದಿ ಹಿಂದಿನ 30 ದಿನಗಳಲ್ಲಿ ಇ-ಸಿಗರೇಟು ಬಳಸಿದ್ದೇವೆ ಅಂದರು. 2024ರಲ್ಲಿ ಅದು ನೂರಕ್ಕೆ 8ರ ಆಸುಪಾಸಿಗೆ ಇಳಿಯಿತು. ಇಳಿದದ್ದು ಸಂತೋಷದ ವಿಷಯ. ಆದರೆ 2019ರಲ್ಲಿ ಆತಂಕಪಟ್ಟ ಅಪ್ಪ ಅಮ್ಮಂದಿರನ್ನು ಸುಮ್ನೆ ಗಾಬರಿಯಾಗುವವರು ಅಂತ ಕರೆದದ್ದು ತಪ್ಪು. ನಿಕೋಟಿನ್ ಚಟ ಹಿಡಿಸುತ್ತದೆ, ಬೆಳೆಯುವ ವಯಸ್ಸಿನಲ್ಲಿ ಇನ್ನೂ ಬೇಗ ಹಿಡಿಸುತ್ತದೆ.

ಹಾಗಾದರೆ ದೊಡ್ಡವರ ಪರವಾಗಿ ಹೇಳಲು ಏನಿದೆ? ಸಾಕಷ್ಟಿದೆ. ಸೇದುವವರನ್ನು ಕೊಲ್ಲುವುದು ಮುಖ್ಯವಾಗಿ ತಂಬಾಕು ಸುಟ್ಟ ಹೊಗೆ. ಟಾರ್, ಕಾರ್ಬನ್ ಮಾನಾಕ್ಸೈಡ್ ಎಲ್ಲ ಬರುವುದು ಆ ಉರಿಯಿಂದಲೇ. ಲಂಡನ್ನಿನ ಮೈಕೆಲ್ ರಸೆಲ್ ಅನ್ನುವ ವೈದ್ಯರು ಇದನ್ನು 1976ರಲ್ಲೇ ಎತ್ತಿ ಹೇಳಿದ್ದರು. 2019ರಲ್ಲಿ ಇಂಗ್ಲೆಂಡಿನಲ್ಲಿ ಸಿಗರೇಟು ಬಿಡಲು ಬಂದ 886 ಮಂದಿಯನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗದ ಫಲಿತಾಂಶ ಹೊರಬಂತು. ಇ-ಸಿಗರೇಟು ಪಡೆದ ಗುಂಪಿನಲ್ಲಿ ವರ್ಷದ ಕೊನೆಗೆ ನೂರಕ್ಕೆ 18 ಮಂದಿ ಸಿಗರೇಟು ಬಿಟ್ಟಿದ್ದರು. ಪಟ್ಟಿ, ಗಮ್ ಪಡೆದ ಗುಂಪಿನಲ್ಲಿ ನೂರಕ್ಕೆ 10ರಷ್ಟು ಮಂದಿ. ಅದೇ ಪ್ರಯೋಗ ಇನ್ನೊಂದನ್ನೂ ತೋರಿಸಿತು. ಇ-ಸಿಗರೇಟಿನಿಂದ ಬಿಟ್ಟವರಲ್ಲಿ ನೂರಕ್ಕೆ 80 ಮಂದಿ ವರ್ಷದ ಕೊನೆಗೂ ವೇಪ್ ಮಾಡುತ್ತಲೇ ಇದ್ದರು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು. ಮೊದಲನೆಯದನ್ನು ಮಾತ್ರ ಹೇಳಿ, ಎರಡನೆಯದನ್ನು ಎದುರಾಳಿ ಬಯಲಿಗೆ ತಂದರೆ ನಮ್ಮ ಮಾತಿನ ಬೆಲೆ ಅಲ್ಲಿಗೆ ಮುಗಿಯಿತು.

ಇಂಗ್ಲೆಂಡಿನ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ‘ನೂರಕ್ಕೆ 95 ಪಾಲು ಕಡಿಮೆ ಹಾನಿ’ ಅನ್ನುವ ಮಾತೂ ಹಾಗೆಯೇ. ಅದು ತಜ್ಞರು ಕೂತು ಮಾಡಿದ ಅಂದಾಜು, ಅಳೆದು ಪಡೆದ ಲೆಕ್ಕ ಅಲ್ಲ. ಅದನ್ನೇ ಬಾವುಟ ಮಾಡಿಕೊಂಡು ಹೊರಡುವುದು ಬೇಡ. ಸಿಗರೇಟಿಗಿಂತ ಬಹಳ ಕಡಿಮೆ ಹಾನಿ, ಆದರೆ ಹಾನಿಯೇ ಇಲ್ಲ ಅಂತಲ್ಲ. ಸೇದದವರು ಇದನ್ನು ಮುಟ್ಟಲೇಬೇಡಿ. ಇಷ್ಟು ಹೇಳಿದರೆ ಸಾಕು.

ಇನ್ನು ಹಣದ ವಿಷಯ. ಇಲ್ಲಿ ನನಗೆ ನಿಜವಾಗಿ ಸಿಟ್ಟು ಬರುತ್ತದೆ. 1993ರಲ್ಲಿ ಅಮೆರಿಕದಲ್ಲಿ ‘ನ್ಯಾಷನಲ್ ಸ್ಮೋಕರ್ಸ್ ಅಲಯನ್ಸ್’ ಅನ್ನುವ ಸಂಘಟನೆ ಹುಟ್ಟಿತು. ಹೊರಗೆ ನೋಡಿದರೆ ಸೇದುವ ಸಾಮಾನ್ಯರ ಸಂಘ. ಹಣ ಬಂದದ್ದು ಫಿಲಿಪ್ ಮೋರಿಸ್ ಅನ್ನುವ ಸಿಗರೇಟು ಕಂಪನಿಯಿಂದ, ಕಟ್ಟಿ ನಿಲ್ಲಿಸಿದ್ದು ಪ್ರಚಾರದ ಸಂಸ್ಥೆಯೊಂದು. ಇವತ್ತು ಯಾರಾದರೂ ‘ನಾವು ಬಳಕೆದಾರರು’ ಅಂತ ಎದ್ದು ನಿಂತರೆ, ‘ನಿಮಗೆ ಹಣ ಕೊಟ್ಟವರು ಯಾರು?’ ಅನ್ನುವ ಪ್ರಶ್ನೆ ಮೊದಲು ಬರುತ್ತದೆ. ಪ್ರಾಮಾಣಿಕರೂ ಆ ಅನುಮಾನವನ್ನು ಹೊರಬೇಕಾಗಿದೆ. ಅದು ಅನ್ಯಾಯ ಅಲ್ವಾ?

ಹಣದಿಂದ ಜನರ ಮನಸ್ಸು ಸಿಗುವುದೂ ಇಲ್ಲ. 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಇ-ಸಿಗರೇಟು ಮಾರಾಟದ ನಿಷೇಧವನ್ನು ತೆಗೆಸಲು ಇ-ಸಿಗರೇಟು ತಯಾರಿಸುವ ಜೂಲ್ ಕಂಪನಿ ಕೋಟಿಗಟ್ಟಲೆ ಹಣ ಸುರಿದು ವಿಷಯವನ್ನು ಜನಮತಕ್ಕೆ ತಂದಿತು. ಮತದಾನಕ್ಕೆ ಮೊದಲೇ ಕಂಪನಿ ಹಿಂದೆ ಸರಿಯಿತು. ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ‘ನಿಷೇಧ ತೆಗೆಯುವುದು ಬೇಡ’ ಅಂದರು. ಆ ನಗರದಲ್ಲಿ ವೇಪಿಂಗಿನಿಂದಲೇ ಸಿಗರೇಟು ಬಿಟ್ಟವರು ಖಂಡಿತ ಇದ್ದರು. ಕಂಪನಿಯ ಜಾಹೀರಾತಿನ ಗದ್ದಲದಲ್ಲಿ ಅವರ ದನಿ ಯಾರಿಗೂ ಕೇಳಿಸಲಿಲ್ಲ.

ಆದ್ದರಿಂದ ಈ ಕೆಲಸಕ್ಕೆ ಇಳಿಯುವವರಿಗೆ ನನ್ನ ವಿನಂತಿ ಇದು. ಲೆಕ್ಕದ ಪುಸ್ತಕ ತೆರೆದಿಡಿ. ಕಂಪನಿಯಿಂದ ಒಂದು ರೂಪಾಯಿ ಬಂದಿದ್ದರೂ ಕೇಳುವ ಮೊದಲೇ ಹೇಳಿ. ಮಕ್ಕಳಿಗೆ ಮಾರುವ ಅಂಗಡಿಗೆ ದಂಡ ಹಾಕಿ ಅಂತ ನೀವೇ ಮೊದಲು ಅರ್ಜಿ ಕೊಡಿ. ಕಾರ್ಟೂನು ಬಣ್ಣದ ಡಬ್ಬಿಗಳು ಬೇಡ ಅಂತ ನೀವೇ ಬರೆಯಿರಿ. ಬ್ರಿಟನ್ 2025ರ ಜೂನ್ 1ರಿಂದ ಒಮ್ಮೆ ಬಳಸಿ ಎಸೆಯುವ ವೇಪ್‌ಗಳ ಮಾರಾಟ ನಿಲ್ಲಿಸಿತು. ಮರುಬಳಕೆಯವು ಇನ್ನೂ ಸಿಗುತ್ತವೆ. ಇಂಥ ನಿಯಮಕ್ಕೆ ಅಡ್ಡ ನಿಂತು ಶಕ್ತಿ ಕಳೆದುಕೊಳ್ಳಬೇಡಿ. ಎಲ್ಲವನ್ನೂ ಒಟ್ಟಿಗೆ ನಿಷೇಧಿಸುವ ಕರಡು ಬಂದಾಗ ಆ ಶಕ್ತಿ ಬೇಕಾಗುತ್ತದೆ. ಮತ್ತೆ, ಸಭೆ ಕರೆದಾಗ ವೇಪ್ ಮಾಡುವವರಷ್ಟೇ ಸೇರಬೇಡಿ. ಶಾಲೆಯ ಮೇಷ್ಟರನ್ನು ಕರೆಯಿರಿ, ಶ್ವಾಸಕೋಶದ ಡಾಕ್ಟರನ್ನು ಕರೆಯಿರಿ, ನಿಮ್ಮನ್ನು ಒಪ್ಪದ ತಾಯಿಯನ್ನೂ ಕರೆಯಿರಿ. ಮೊದಲು ಅವರು ಮಾತಾಡಲಿ. ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟ ಮೇಲೆ ನಿಮ್ಮ ಕಥೆ ಹೇಳಿ.

ನಮಸ್ಕಾರ.